ಎಷ್ಟಕ್ಕೆ ಬಿತ್ತು?

ಮನೆಯ ಮುಂದೆ ಹೊಸ ಕಾರು ಬಂದು ನಿಂತ ದಿನ ನೆರೆಹೊರೆಯವರು ಕೇಳುವ ಮೊದಲನೆಯ ಪ್ರಶ್ನೆ, ಅದು ಹೇಗೆ ಓಡುತ್ತದೆ ಎಂಬುದಲ್ಲ, “ಎಷ್ಟಕ್ಕೆ ಬಿತ್ತು?” ಎಂಬುದು. ಈ ಪ್ರಶ್ನೆಯಲ್ಲಿ ಅಸೂಯೆ ಇರಲೇಬೇಕೆಂದಿಲ್ಲ. ಮದುವೆಗೆ ತಂದ ಸೀರೆಯನ್ನೂ ಸಂತೆಯಿಂದ ತಂದ ಹಲಸಿನ ಹಣ್ಣನ್ನೂ ನಾವು ಹೀಗೆಯೇ ವಿಚಾರಿಸುತ್ತೇವೆ. ಆದರೆ ಉತ್ತರ ಹೇಳುವವನ ಮುಖವನ್ನು ಗಮನಿಸಬೇಕು. ಕೊಟ್ಟ ಬೆಲೆಯನ್ನು ಅವನು ಮೆಲ್ಲಗೆ ಹೇಳುತ್ತಾನೆ; ಬಿಡಿಸಿದ ಮೊತ್ತವನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಎಂಟು ಲಕ್ಷ ಕೈಬಿಟ್ಟ ಸಂಕಟವನ್ನು ಹದಿನೈದು ಸಾವಿರ ಉಳಿಸಿದ ಸಂತೋಷ ಮರೆಸಿಬಿಡುತ್ತದೆ.

ಈಚೆಗೆ ಆ ಸಂತೋಷ ನನ್ನ ಪಾಲಿಗೂ ಬಂದಿತು. ಅದರ ಬೆನ್ನಿಗೇ ಒಂದು ಕಸಿವಿಸಿಯೂ ಬಂದಿತು. “ಒಳ್ಳೆಯ ವ್ಯಾಪಾರವಾಯಿತು” ಎನ್ನುತ್ತೇವಲ್ಲ, ಅಲ್ಲಿ “ಒಳ್ಳೆಯ” ಎಂಬ ಮಾತಿಗೆ ಏನರ್ಥ? ನನಗೆ ಲಾಭವಾಯಿತು ಎಂದಷ್ಟೆಯೇ? ಅಥವಾ ಒಳ್ಳೆಯ ಮನುಷ್ಯ, ಒಳ್ಳೆಯ ನಡತೆ ಎನ್ನುವಾಗ ಆ ಮಾತಿಗೆ ಇರುವ ಅರ್ಥ ಇಲ್ಲಿಯೂ ಸ್ವಲ್ಪವಾದರೂ ಇರಬೇಕೆ?

ನಮ್ಮ ಹಿರಿಯರಿಗೆ ಕಾರಿನ ವಿಷಯದಲ್ಲಿ ಈ ಪ್ರಶ್ನೆ ಏಳಲು ಅವಕಾಶವೇ ಇರಲಿಲ್ಲ. ಅಂಬಾಸಡರ್ ಮತ್ತು ಫಿಯಟ್ ಕಾರುಗಳ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಚೌಕಾಸಿ ಮಾಡುವುದಿರಲಿ, ಬಣ್ಣ ಯಾವುದೆಂದು ಕೇಳುವುದಕ್ಕೂ ಜನ ಹಿಂಜರಿಯುತ್ತಿದ್ದರು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದಾಗಲೂ ಸರದಿಯ ಸಾಲು ತಪ್ಪಲಿಲ್ಲ. ಬೇಗ ಸರದಿ ಬಂದವರು ಆ ಸರದಿಯನ್ನೇ ಮೇಲುಬೆಲೆಗೆ ಮಾರಿಕೊಂಡದ್ದೂ ಉಂಟು. ೧೯೯೩ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಸಡಿಲವಾದ ಮೇಲೆ ಕಾಲ ತಿರುಗಿತು. ಈಗ ಗಿರಾಕಿ ಒಳಗೆ ಕಾಲಿಟ್ಟರೆ ಕುರ್ಚಿ ಎಳೆದು ಕೂರಿಸಿ ಕಾಫಿ ಕೊಡುತ್ತಾರೆ. ಕಾಯಿಸುವ ಸುಖ ನಮಗೆ ಬಂದಿದೆ. ಅದರೊಂದಿಗೆ, ಇನ್ನೊಬ್ಬರನ್ನು ಕಾಯಿಸಬಲ್ಲವನಿಗೆ ಬರುವ ಹೊಣೆಯೂ ನಮಗೆ ಬಂದಿರಬೇಕು.

ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡೋಣ. ಜಾಣತನ ಪಾಪವಲ್ಲ. ಕಾರಿನ ಬೆಲೆ ಒಂದು ಸಂಖ್ಯೆಯಲ್ಲ; ಅದು ಹಲವು ಸಂಖ್ಯೆಗಳ ಒಂದು ಅವಿಭಕ್ತ ಕುಟುಂಬ. ಷೋರೂಮಿನ ಬೆಲೆ ಎಂಬ ಯಜಮಾನನ ಹಿಂದೆ ರಾಜ್ಯದ ಜೀವಾವಧಿ ತೆರಿಗೆ, ನೋಂದಣಿ, ವಿಮೆ, ಹೆಚ್ಚುವರಿ ವಾರಂಟಿ, ಸೀಟುಕವರು, ಮ್ಯಾಟು ಎಂದು ಸಾಲಾಗಿ ನಿಂತಿರುತ್ತವೆ. ಮೂಲೆಯಲ್ಲಿ “ಹ್ಯಾಂಡ್ಲಿಂಗ್ ಛಾರ್ಜು” ಎಂಬ, ಯಾರ ಕಡೆಯ ನೆಂಟನೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಅತಿಥಿಯೂ ಇರುತ್ತಾನೆ. ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳುವುದು ಕೊಳ್ಳುವವನ ಹಕ್ಕು. ವಿಮೆಯನ್ನು ಅಂಗಡಿಯವರು ಹೇಳಿದ ಕಡೆಯೇ ಮಾಡಿಸಬೇಕೆಂಬ ಕಟ್ಟಳೆಯಿಲ್ಲ, ಹೊರಗೆ ವಿಚಾರಿಸಬಹುದು. ಸಾಲ ತೆಗೆಯುವವನು ತಿಂಗಳ ಕಂತು ಚಿಕ್ಕದೆಂದು ಮರುಳಾಗದೆ, ಕಡೆಗೆ ಒಟ್ಟು ಎಷ್ಟು ಕಟ್ಟುತ್ತೇನೆಂದು ಲೆಕ್ಕ ಹಾಕಬೇಕು. ಕಾರು ತಯಾರಾದ ತಿಂಗಳು ಯಾವುದೆಂದು ಕೇಳಬೇಕು. ಡಿಸೆಂಬರಿನಲ್ಲಿ ಸಿಗುವ ದೊಡ್ಡ ರಿಯಾಯಿತಿಯ ಗುಟ್ಟು ಅದರಲ್ಲಿಯೇ ಇದೆ: ಜನವರಿ ಒಂದನೆಯ ತಾರೀಖು ಬೆಳಗಾಗುವುದರೊಳಗೆ ಆ ಕಾರು ಹೋದ ವರ್ಷದ್ದಾಗಿಬಿಡುತ್ತದೆ, ಮುಂದೆ ಮಾರುವಾಗ ಅದರ ಬೆಲೆ ಅಷ್ಟು ಇಳಿಯುತ್ತದೆ. ಇವನ್ನೆಲ್ಲ ತಿಳಿದುಕೊಂಡು ಹೋಗುವುದು ಗೃಹಸ್ಥನ ಧರ್ಮ. ತಿಳಿಯದೆ ಹೋಗಿ ಆಮೇಲೆ ಅಂಗಡಿಯವನನ್ನು ಬೈಯುವುದು ಸೋಮಾರಿತನ.

ತೊಡಕು ಬರುವುದು ತಿಳಿವಳಿಕೆಯಿಂದಲ್ಲ; ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿರುವುದರಿಂದ. ಇದು ಹಳೆಯ ತೊಡಕು. ರೋಮಿನ ಸಿಸೆರೊ ಕ್ರಿಸ್ತಪೂರ್ವ ೪೪ರಲ್ಲಿ ಬರೆದ, ಕರ್ತವ್ಯಗಳನ್ನು ಕುರಿತ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಎಷ್ಟೋ ಧಾನ್ಯದ ಹಡಗುಗಳು ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಊರವರಿಗೆ ಹೇಳಬೇಕೆ, ಅಥವಾ ಬಾಯಿ ಮುಚ್ಚಿಕೊಂಡು ಸಿಕ್ಕಷ್ಟು ಬೆಲೆಗೆ ಮಾರಬಹುದೆ? ಡಯೊಜಿನಿಸ್ ಎಂಬ ಗುರು, ಹೇಳದಿರುವುದು ಬೇರೆ, ಬಚ್ಚಿಡುವುದು ಬೇರೆ ಎಂದನಂತೆ. ಅವನ ಶಿಷ್ಯ ಆಂಟಿಪೇಟರ್, ಕೊಳ್ಳುವವನಿಗೆ ತಿಳಿಯಬೇಕಾದ್ದೆಲ್ಲ ತಿಳಿದಿರಬೇಕು ಎಂದನಂತೆ. ಸಿಸೆರೊ ಶಿಷ್ಯನ ಪಕ್ಷ ಹಿಡಿದ.

ನಮ್ಮ ಊರಿಗೂ ಆ ಹಡಗುಗಳು ೨೦೨೫ರಲ್ಲಿ ಬಂದವು. ಆಗಸ್ಟ್ ೧೫ರ ಭಾಷಣದಲ್ಲಿ ಪ್ರಧಾನಮಂತ್ರಿಗಳು ಜಿ.ಎಸ್.ಟಿ. ಸುಧಾರಣೆಯ ಮಾತನ್ನಾಡಿದರು. ಸೆಪ್ಟೆಂಬರ್ ೩ರಂದು ಜಿ.ಎಸ್.ಟಿ. ಮಂಡಳಿಯ ತೀರ್ಮಾನವಾಯಿತು, ೨೨ರಿಂದ ಹೊಸ ದರ ಜಾರಿಗೆ ಬಂದಿತು. ೧,೨೦೦ ಸಿ.ಸಿ. ಮೀರದ ಎಂಜಿನ್ನೂ ನಾಲ್ಕು ಮೀಟರ್ ಮೀರದ ಉದ್ದವೂ ಇರುವ ಪೆಟ್ರೋಲ್ ಕಾರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿಯಿತು. ಆ ಐದು ವಾರಗಳಲ್ಲಿ ಪತ್ರಿಕೆ ಓದದ ಗಿರಾಕಿಯೊಬ್ಬ ಹಣದ ಚೀಲ ಹಿಡಿದು ಷೋರೂಮಿಗೆ ಬಂದಿದ್ದರೆ ಮಾರುವವನು ಏನು ಮಾಡಬೇಕಾಗಿತ್ತು? “ಸ್ವಲ್ಪ ತಾಳಿ, ದರ ಇಳಿಯಬಹುದು” ಎಂದು ಹೇಳಿ ಕಳುಹಿಸಬೇಕಾಗಿತ್ತೆ? ಹಾಗೆ ಹೇಳಬೇಕಾಗಿತ್ತು ಎಂದು ನಾವೆಲ್ಲ ಒಮ್ಮತದಿಂದ ನುಡಿಯುತ್ತೇವೆ. ಏಕೆಂದರೆ ನಾವೆಲ್ಲರೂ ಕೊಳ್ಳುವವರು. ಮಾರುವವನ ಕರ್ತವ್ಯವನ್ನು ನಿಷ್ಕರ್ಷೆ ಮಾಡುವಾಗ ಆಂಟಿಪೇಟರನಷ್ಟು ಕಟ್ಟುನಿಟ್ಟಾಗಿರುವ ನಾವು, ನಮ್ಮ ಕರ್ತವ್ಯದ ಸರದಿ ಬಂದಾಗ ಮೆಲ್ಲಗೆ ಡಯೊಜಿನಿಸನ ಪಕ್ಕದಲ್ಲಿ ಹೋಗಿ ಕೂರುತ್ತೇವೆ.

ನಾನು ಹಾಗೆ ಕೂತ ಕಥೆಯನ್ನು ಹೇಳುತ್ತೇನೆ. ಹಬ್ಬದ ಸಂದಣಿ ಕಳೆದ ಮೇಲೆ ಒಂದು ಚಿಕ್ಕ ಕಾರು ಕೊಳ್ಳಲು ಹೊರಟೆ. ಮೂರು ಷೋರೂಮು ಸುತ್ತಿ, ಮೇಲೆ ಹೇಳಿದ ಪಾಠಗಳನ್ನೆಲ್ಲ ಒಪ್ಪಿಸಿ, ಹ್ಯಾಂಡ್ಲಿಂಗ್ ಛಾರ್ಜು ಎಂಬ ಅತಿಥಿಯನ್ನು ಹೊರಗೆ ಕಳುಹಿಸಿ, ವಿಮೆಯನ್ನು ಬೇರೆ ಕಡೆ ಗೊತ್ತುಮಾಡಿದೆ. ಇಲ್ಲಿಯವರೆಗೆ ತಪ್ಪಿಲ್ಲ. ಕಡೆಯ ದಿನ ನನ್ನ ಎದುರಿಗೆ ಕೂತಿದ್ದವನು ಇಪ್ಪತ್ತೈದು ವಯಸ್ಸಿನ, ಹಾಸನದ ಕಡೆಯ ಹುಡುಗ. “ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಸರ್” ಎಂದ. ಆಗ ನನ್ನ ಬಾಯಿಂದ ಒಂದು ಮಾತು ಬಂದಿತು: “ನೋಡಪ್ಪ, ಊರಿನ ಆ ತುದಿಯ ಷೋರೂಮಿನವರು ಇನ್ನೂ ಹದಿನೈದು ಸಾವಿರ ಬಿಡುತ್ತೇವೆ ಅಂದಿದ್ದಾರೆ. ನಿನ್ನ ಮೇಲಿನ ವಿಶ್ವಾಸಕ್ಕೆ ಇಲ್ಲಿಗೆ ಬಂದೆ.” ಆ ತುದಿಯವರು ಹಾಗೆ ಅಂದಿರಲಿಲ್ಲ. ಹುಡುಗ ಮ್ಯಾನೇಜರನ ಕೋಣೆಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದ. ಹದಿನೈದು ಸಾವಿರ ಬಿಟ್ಟರು. “ನನ್ನ ಇನ್ಸೆಂಟಿವ್ ಹೋಯಿತು ಸರ್, ಇರಲಿ” ಎಂದು ನಕ್ಕ.

ಅವನು ಹೇಳಿದ್ದು ನಿಜವೋ, ಎಲ್ಲ ಗಿರಾಕಿಗಳಿಗೂ ಹೇಳುವ ಮಾತೋ ನನಗೆ ತಿಳಿಯಲಿಲ್ಲ. ಸುಳ್ಳು ಹೇಳಿದವನಿಗೆ ಸಿಗುವ ಮೊದಲ ಶಿಕ್ಷೆ ಇದೇ ಎಂದು ತೋರುತ್ತದೆ: ಎದುರಿನವನ ಮಾತಿನ ಮೇಲಿನ ನಂಬಿಕೆ ಅವನಿಗೆ ಅಷ್ಟರಮಟ್ಟಿಗೆ ತಪ್ಪಿಹೋಗುತ್ತದೆ.

ಚೌಕಾಸಿಯ ಮಾತನ್ನು ಸುಳ್ಳೆಂದು ಕರೆಯಬೇಕೆ ಎಂದು ವಾಚಕರು ಕೇಳಬಹುದು. ೧೯೬೮ರಲ್ಲಿ ಅಮೆರಿಕದ ಆಲ್ಬರ್ಟ್ ಕಾರ್ ಎಂಬುವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಇದೇ ವಾದವನ್ನು ಹೂಡಿದ್ದರು. ವ್ಯಾಪಾರ ಇಸ್ಪೀಟಾಟದಂತೆ, ಕೈಯಲ್ಲಿಲ್ಲದ ಎಲೆ ಇದೆಯೆಂದು ನಟಿಸುವುದು ಅಲ್ಲಿ ಮೋಸವಲ್ಲ, ಆಟದ ನಿಯಮ. ನಮ್ಮ ದನಗಳ ಜಾತ್ರೆಗಳನ್ನು ನೋಡಿದವರಿಗೆ ಈ ವಾದ ಹೊಸದೇನಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವಾಗ, ಮಾರುವವನು “ಮಗನಂತೆ ಸಾಕಿದ್ದೇನೆ” ಎನ್ನುತ್ತಾನೆ, ಕೊಳ್ಳುವವನು “ಬಡಕಲು” ಎನ್ನುತ್ತಾನೆ. ಇಬ್ಬರೂ ಇನ್ನೊಬ್ಬನ ಮಾತನ್ನು ನಂಬುವುದಿಲ್ಲ. ಆದ್ದರಿಂದ ಅಲ್ಲಿ ಯಾರಿಗೂ ಮೋಸವಾಗುವುದಿಲ್ಲ. ಇಬ್ಬರೂ ರೈತರು, ಇಬ್ಬರಿಗೂ ಎತ್ತಿನ ಹಲ್ಲು ಗೊತ್ತು, ಸುಳಿ ಗೊತ್ತು. ಆಟ ಸಮಬಲರ ಆಟ.

ಷೋರೂಮಿನಲ್ಲಿ ಹಾಗಿದೆಯೆ? ಮಾಲೀಕನಿಗೂ ನನಗೂ ಆಟ ನಡೆದರೆ ಅದು ಬೇರೆ ಮಾತು. ಅವನಿಗೆ ನನಗಿಂತ ನೂರು ಪಾಲು ಲೆಕ್ಕ ಗೊತ್ತು. ಆದರೆ ನನ್ನ ಎದುರಿಗೆ ಕೂತಿದ್ದವನು ಮಾಲೀಕನಲ್ಲ. ತಿಂಗಳಿಗೆ ಇಷ್ಟು ಕಾರು ಮಾರಬೇಕೆಂಬ ಕಟ್ಟಿಗೆ ಒಳಗಾದ ಹುಡುಗ. ಇನ್ನೂ ಒಬ್ಬರಿದ್ದಾರೆ, ಅವರು ಆ ಕೋಣೆಯಲ್ಲಿ ಕಾಣುವುದೇ ಇಲ್ಲ. ಅವರು ನನ್ನ ಹಿಂದೆ ಬರುವ ಗಿರಾಕಿ. ಬೆಲೆ ಬಾಯಿಯ ಬಲದ ಮೇಲೆ ನಿಂತಿರುವ ಕಡೆ, ಜೋರಾಗಿ ಕೇಳಿದವನಿಗೆ ಬಿಟ್ಟದ್ದನ್ನು ಅಂಗಡಿ ಸಂಕೋಚದವರಿಂದ ತುಂಬಿಸಿಕೊಳ್ಳುತ್ತದೆ. ಅಂಗಡಿಯ ಬಾಡಿಗೆ, ಸಂಬಳ, ಲಾಭ ಇವು ಎಲ್ಲಿಂದಲಾದರೂ ಬರಲೇಬೇಕಷ್ಟೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಷಿಕಾಗೊ ನಗರದಲ್ಲಿ ಇಯಾನ್ ಏರ್ಸ್, ಪೀಟರ್ ಸೀಗಲ್‌ಮನ್ ಎಂಬ ಇಬ್ಬರು ವಿದ್ವಾಂಸರು ಒಂದು ಪರೀಕ್ಷೆ ನಡೆಸಿ ೧೯೯೫ರಲ್ಲಿ ಪ್ರಕಟಿಸಿದರು. ಬಿಳಿಯರು, ಕರಿಯರು, ಗಂಡಸರು, ಹೆಂಗಸರು ಇವರಿಗೆ ಒಂದೇ ರೀತಿಯ ಮಾತು ಕಲಿಸಿ ಹೊಸ ಕಾರು ಕೇಳಲು ಷೋರೂಮುಗಳಿಗೆ ಕಳುಹಿಸಿದರು. ಮಾತು ಒಂದೇ, ಬೆಲೆ ಮಾತ್ರ ಒಂದೇ ಆಗಲಿಲ್ಲ. ಬಿಳಿಯ ಗಂಡಸಿಗೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದರು. ಕರಿಯ ಗಂಡಸಿಗೆ ಎಲ್ಲರಿಗಿಂತ ಹೆಚ್ಚು. ಚೌಕಾಸಿ ಎಂಬ ಆಟಕ್ಕೆ ಎಲ್ಲರೂ ಒಂದೇ ಎಲೆ ಹಿಡಿದು ಕೂರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ನಮ್ಮಲ್ಲಿ ಮೈಬಣ್ಣದ ಬದಲು ಮಾತಿನ ಠೀವಿ, ತೊಟ್ಟ ಬಟ್ಟೆ, ಜೊತೆಗೆ ಬಂದ ಗಂಡಸರ ಸಂಖ್ಯೆ ಇವು ಆ ಕೆಲಸ ಮಾಡುತ್ತಿರಬಹುದು.

ಮಹಾಭಾರತದ ಶಾಂತಿಪರ್ವದಲ್ಲಿ ತುಲಾಧಾರನೆಂಬ ವರ್ತಕನ ಕಥೆ ಬರುತ್ತದೆ. ತಲೆಯ ಜಟೆಯಲ್ಲಿ ಹಕ್ಕಿ ಗೂಡು ಕಟ್ಟಿದರೂ ಅಲುಗದೆ ನಿಂತು ತಪಸ್ಸು ಮಾಡಿದ ಜಾಜಲಿ, ತನ್ನಷ್ಟು ಧರ್ಮ ಬಲ್ಲವನಿಲ್ಲವೆಂದು ಹೆಮ್ಮೆಪಟ್ಟಾಗ, ಕಾಶಿಯ ಅಂಗಡಿಯವನೊಬ್ಬನ ಹತ್ತಿರ ಹೋಗಿ ಕಲಿಯುವಂತಾಯಿತು. ತುಲಾಧಾರ ಹೇಳಿಕೊಂಡದ್ದು ದೊಡ್ಡ ತತ್ತ್ವವೇನಲ್ಲ. ತನ್ನ ತಕ್ಕಡಿ ಎಲ್ಲರಿಗೂ ಒಂದೇ ಎಂಬುದಷ್ಟೆ. ಈ ಕಥೆಯನ್ನು ನಾವು ಯಾವಾಗಲೂ ಅಂಗಡಿಯವನಿಗೆ ಬೋಧಿಸಲು ಉಪಯೋಗಿಸುತ್ತೇವೆ. ಆದರೆ ತಕ್ಕಡಿಗೆ ಎರಡು ತಟ್ಟೆ. ಒಂದು ಯಾವಾಗಲೂ ಕೊಳ್ಳುವವನ ಕಡೆಗೇ ಇರುತ್ತದೆ.

ನನ್ನ ಕಥೆ ಅಷ್ಟಕ್ಕೇ ಮುಗಿದಿದ್ದರೆ ಈ ಯೋಚನೆಯೆಲ್ಲ ಬರುತ್ತಿರಲಿಲ್ಲವೋ ಏನೋ. ಕಾರು ಮನೆಗೆ ಬಂದ ರಾತ್ರಿ ಕಾಗದಪತ್ರಗಳನ್ನು ಜೋಡಿಸುತ್ತ ಕೂತಿದ್ದೆ. ಸೀಟುಕವರು, ಮ್ಯಾಟು, ಹಿಂದಕ್ಕೆ ಸರಿಸುವಾಗ ನೋಡುವ ಕ್ಯಾಮರ, ಎಲ್ಲ ಕೂಡಿ ೧೧,೪೦೦ ರೂಪಾಯಿ ಎಂದು ಮಾತಾಗಿತ್ತು. ಸಾಮಾನು ಕಾರಿನಲ್ಲಿತ್ತು, ಬಿಲ್ಲಿನಲ್ಲಿರಲಿಲ್ಲ. ಮೂರು ಸಲ ಕೂಡಿ ನೋಡಿದೆ. ಆ ಸಾಲನ್ನು ಯಾರೋ ಮರೆತಿದ್ದರು.

ಮಾರನೆಯ ದಿನ ಬಂದ ನನ್ನ ಭಾವಮೈದುನ ಇದನ್ನು ಕೇಳಿ ತೊಡೆ ತಟ್ಟಿಕೊಂಡು ನಕ್ಕ. “ನೀವು ಗಮನಿಸದೇ ಇದ್ದಿದ್ದರೆ ಹ್ಯಾಂಡ್ಲಿಂಗ್ ಛಾರ್ಜು ಅಂತ ನಿಮ್ಮಿಂದ ಕಿತ್ತುಕೊಳ್ಳುತ್ತಿರಲಿಲ್ಲವೆ ಭಾವ? ಅದಕ್ಕೂ ಇದಕ್ಕೂ ವಜಾ ಆಯಿತು ಬಿಡಿ” ಎಂದ. ವಾದ ಚೆನ್ನಾಗಿಯೇ ಇತ್ತು. ಒಳಗಿನಿಂದ ಡಯೊಜಿನಿಸನೂ ತಲೆದೂಗಿದ: ನೀನೇನು ಕದ್ದೆಯಾ, ಬಚ್ಚಿಟ್ಟೆಯಾ? ಸುಮ್ಮನಿದ್ದೀಯೆ, ಅಷ್ಟೆ. ಹೀಗೆ ಮೂರು ದಿನ ಕಳೆದೆ. ಮೂರನೆಯ ದಿನ ರಾತ್ರಿ ಊಟ ಬಡಿಸುತ್ತ ನನ್ನಾಕೆ ಒಂದು ಪ್ರಶ್ನೆ ಕೇಳಿದಳು: “ಅದೇ ಸಾಮಾನಿಗೆ ಅವರು ಎರಡು ಸಲ ಬಿಲ್ಲು ಹಾಕಿದ್ದರೆ ಎಷ್ಟು ದಿನ ಬಿಟ್ಟು ಫೋನು ಮಾಡುತ್ತಿದ್ದಿರಿ?” ಕಾರನ್ನು ಅಲ್ಲಿಯೇ ನಿಲ್ಲಿಸಿ ಫೋನು ಮಾಡುತ್ತಿದ್ದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಸಂತ ಆಗಸ್ಟೀನನು ತನ್ನ ಗ್ರಂಥವೊಂದರಲ್ಲಿ ಒಬ್ಬ ನಟನ ವಿಷಯ ಹೇಳುತ್ತಾನೆ. ಜನರೆಲ್ಲರ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆಂದು ಡಂಗುರ ಹೊಡೆಸಿ, ಕಿಕ್ಕಿರಿದ ಸಭೆಯ ಮುಂದೆ ಬಂದು, ನೀವೆಲ್ಲ ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರಬೇಕೆಂದಿದ್ದೀರಿ ಎಂದನಂತೆ. ಎಲ್ಲರೂ ಮೆಚ್ಚಿ ಕೂಗಿದರಂತೆ. ಆಗಸ್ಟೀನ ಆ ಮಾತನ್ನು ಒಪ್ಪುವುದಿಲ್ಲ. ಅದಕ್ಕೆ ಎದುರಾಗಿ ತಾನು ಬಲ್ಲ ಒಬ್ಬನ ಸಂಗತಿ ಹೇಳುತ್ತಾನೆ. ಒಂದು ಹಸ್ತಪ್ರತಿ ಮಾರಾಟಕ್ಕೆ ಬಂದಿತು; ಮಾರುವವನಿಗೆ ಅದರ ಬೆಲೆ ಗೊತ್ತಿರಲಿಲ್ಲ, ತೀರ ಕಡಿಮೆ ಕೇಳಿದ; ಕೊಳ್ಳುವವನು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚಾದ ನ್ಯಾಯವಾದ ಬೆಲೆಯನ್ನು ತಾನಾಗಿ ಕೊಟ್ಟ. ಹದಿನಾರು ಶತಮಾನಗಳ ಹಿಂದಿನ ಆ ಮನುಷ್ಯನ ಹೆಸರು ಉಳಿದಿಲ್ಲ. ಅವನು ಮೂರು ದಿನ ಯೋಚಿಸಿದನೆಂದು ಮಾತ್ರ ಆಗಸ್ಟೀನ ಎಲ್ಲಿಯೂ ಹೇಳುವುದಿಲ್ಲ.

ನಾಲ್ಕನೆಯ ದಿನ ಹೋಗಿ ಹಣ ಕಟ್ಟಿದೆ. ಲೆಕ್ಕದ ಗುಮಾಸ್ತರು ಕಂಪ್ಯೂಟರಿನಿಂದ ತಲೆಯೆತ್ತದೆ ರಸೀದಿ ಕೊಟ್ಟರು. ಸ್ಟೋರಿನ ಸಾಮಾನಿಗೂ ಬಿಲ್ಲಿಗೂ ತಾಳೆಯಾಗದೆ ಹಿಂದಿನ ದಿನ ಆ ಹುಡುಗನನ್ನು ಕರೆದು ಕೇಳಿದ್ದರಂತೆ. ನನ್ನನ್ನು ಕಂಡು ಅವನು ಎದ್ದು ಬಂದ. “ನಿಮ್ಮಂಥವರು ಕಡಿಮೆ ಸರ್” ಎಂದ. ಆ ಮಾತನ್ನು ಕೇಳಿಕೊಂಡು ನಿಂತಿರುವುದು ಕಷ್ಟವಾಯಿತು. ೧೧,೪೦೦ ಹಿಂದಕ್ಕೆ ಬಂದಿತ್ತು. ಹದಿನೈದು ಸಾವಿರದ ಸುಳ್ಳು ಇನ್ನೂ ನನ್ನ ಹತ್ತಿರವೇ ಇತ್ತು. ಮರೆತ ಸಾಲನ್ನು ತುಂಬಿಕೊಡಲು ರಸೀದಿಯ ಪುಸ್ತಕವಿದೆ. ಇದನ್ನು ಯಾವ ಪುಸ್ತಕದಲ್ಲಿ ಜಮಾ ಮಾಡಿಸಲಿ? ಹೇಳಬೇಕೆಂದು ಬಾಯಿ ತೆರೆದೆ. “ಕಾರು ಚೆನ್ನಾಗಿದೆಯಪ್ಪ” ಎಂದಷ್ಟೇ ಹೇಳಿ ಬಂದೆ.

ಹೀಗೆ ತಿರುಗಿ ನೋಡಿದಾಗ, ಒಳ್ಳೆಯ ವ್ಯಾಪಾರಕ್ಕೆ ಒಂದು ಲಕ್ಷಣ ನನಗೆ ಹೊಳೆಯಿತು. ಬೆಲೆ ಹೆಚ್ಚೋ ಕಡಿಮೆಯೋ ಎಂಬುದು ಆಮೇಲಿನ ಮಾತು. ನಾನು ಮಾಡಿದ್ದನ್ನೆಲ್ಲ ಎದುರಿನವನ ಮುಂದೆಯೇ ಇನ್ನೊಬ್ಬರಿಗೆ ಹೇಳಿಕೊಡಬಹುದಾದರೆ ಅದು ಒಳ್ಳೆಯ ವ್ಯಾಪಾರ. ವಿಮೆಯನ್ನು ಹೊರಗೆ ಮಾಡಿಸಿದ್ದನ್ನು ಹೇಳಿಕೊಡಬಹುದು, ಅತಿಥಿಯನ್ನು ಹೊರಗೆ ಕಳುಹಿಸಿದ್ದನ್ನು ಹೇಳಿಕೊಡಬಹುದು, ಡಿಸೆಂಬರಿನ ಗುಟ್ಟನ್ನು ಹೇಳಿಕೊಡಬಹುದು. ಹೇಳಿಕೊಡಲಾಗದ್ದು ಎಲ್ಲಿ ಬರುತ್ತದೆಯೋ ಅಲ್ಲಿ ಜಾಣತನ ಮುಗಿದು ಬೇರೇನೋ ಮೊದಲಾಗಿರುತ್ತದೆ.

ಈ ಲಕ್ಷಣವನ್ನು ಪರೀಕ್ಷಿಸುವ ಸಂದರ್ಭ ಬೇಗನೆ ಒದಗಿತು. ನಮ್ಮ ಬೀದಿಯಲ್ಲಿ ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರಿದ್ದಾರೆ, ಒಂಟಿಯಾಗಿರುವವರು. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾರದೆ, ಉಳಿತಾಯದ ಹಣದಲ್ಲಿ ಅದೇ ಕಾರನ್ನು ಕೊಳ್ಳಬೇಕೆಂದಿದ್ದರು. ನಾನು ಒಂದು ಹಾಳೆಯಲ್ಲಿ ಪ್ರತಿಯೊಂದು ಬಾಬನ್ನೂ ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಮಕ್ಕಳ ಉತ್ತರಪತ್ರಿಕೆ ನೋಡುವಂತೆ ಒಂದೊಂದಾಗಿ ನೋಡುತ್ತ ಬಂದು, ಕಡೆಯ ಸಾಲಿನ ಮೇಲೆ ಬೆರಳಿಟ್ಟರು. “ಈ ಹದಿನೈದು ಸಾವಿರ ಹೇಗೆ ಬಿಡಿಸಿದಿರಿ? ಏನೆಂದು ಕೇಳಬೇಕು ಹೇಳಿ, ನಾನೂ ಹಾಗೆಯೇ ಕೇಳುತ್ತೇನೆ.”

ಬೇರೆ ದಾರಿಯಿರಲಿಲ್ಲ. ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ; ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಳೆಯನ್ನು ಮಡಿಸಿದರು. “ಅದು ನನಗೆ ಬರುವುದಿಲ್ಲ. ಮಿಕ್ಕಿದ್ದೆಲ್ಲ ಕೇಳುತ್ತೇನೆ” ಎಂದರು.

ಹೋದ ವಾರ ಅವರ ಕಾರು ಬಂದಿತು. ನನ್ನ ಕಾರಿನ ಎದುರಿಗೇ, ರಸ್ತೆಯ ಆ ಬದಿಯಲ್ಲಿ ನಿಂತಿದೆ. ಒಂದೇ ಮಾದರಿ, ಒಂದೇ ಬಣ್ಣ. ಬೀದಿಯವರೆಲ್ಲ ಸೇರಿ ಎಂದಿನ ಪ್ರಶ್ನೆ ಕೇಳಿದರು. ಎಷ್ಟಕ್ಕೆ ಬಿತ್ತೆಂದು ಅವರು ಹೇಳಿದರು. ಮಿಕ್ಕ ಬಾಬುಗಳೆಲ್ಲ ನನ್ನವೇ. ಬೆಲೆ ಮಾತ್ರ ನನಗಿಂತ ಹದಿನೈದು ಸಾವಿರ ಹೆಚ್ಚು. ಯಾರೋ ನನ್ನ ಕಡೆ ತಿರುಗಿ, “ನಿಮ್ಮದೇ ಒಳ್ಳೆಯ ವ್ಯಾಪಾರ ಸ್ವಾಮಿ” ಎಂದರು. ಆಕೆ ನನ್ನ ಕಡೆ ನೋಡದೆ ಕಾರಿನ ಗಾಜನ್ನು ಒರೆಸುತ್ತಿದ್ದರು.